ಭೂತಗನ್ನಡಿ ಹಿಡಿದು ಮಾಡಿದ ಕೇಕು

ಕನ್ನಡಕದಂಗಡಿ ಯಜಮಾನರಿಗೆ ಇಡೀ ಲೋಕದ ಮೇಲೆ ಒಂದೇ ದೂರು: ಹಿಟ್ಟಿನ ಪೊಟ್ಟಣದ ಮೇಲಿನ ಅಕ್ಷರಗಳನ್ನು ಇರುವೆಗಳು ಓದಲೆಂದೇ ಅಚ್ಚು ಹಾಕುತ್ತಾರೆ.

ಮಗಳಿಗೆ ಹಾಲು, ಮೊಟ್ಟೆ, ಕಡಲೆಬೀಜ ಮೂರೂ ಆಗಿಬರುವುದಿಲ್ಲ. ಕಡಲೆಬೀಜದ ಪುಡಿ ಬಾಯಿಗೆ ಹೋದರಂತೂ ಮೈಯೆಲ್ಲ ದದ್ದೆದ್ದು ಉಸಿರು ಕಟ್ಟುತ್ತದೆ. ಗೆಳತಿಯರ ಹುಟ್ಟುಹಬ್ಬದಲ್ಲಿ ಎಲ್ಲರೂ ಕೇಕು ತಿನ್ನುವಾಗ ಅವಳೊಬ್ಬಳು ಬಲೂನು ಹಿಡಿದು ನಿಂತಿರುತ್ತಾಳೆ. ಅದನ್ನು ಅಪ್ಪನಿಗೆ ನೋಡಲಾಗಲಿಲ್ಲ. ಈ ಸಲ ಅವಳ ಹುಟ್ಟುಹಬ್ಬದ ಕೇಕು ತಮ್ಮ ಕೈಯಿಂದಲೇ ಎಂದು ಘೋರ ಪ್ರತಿಜ್ಞೆ ಮಾಡಿಬಿಟ್ಟರು. (ಅಲ್ಲಿಯವರೆಗೆ ಅವರು ಒಲೆಯ ಮೇಲೆ ಮಾಡಿದ್ದು ಬಿಸಿನೀರು ಮಾತ್ರ.)

ಭೂತಗನ್ನಡಿ ಹಿಡಿದು ಅಂಗಡಿ ಅಂಗಡಿ ಜಾಲಾಡಿದರು. ಯಾವ ಪೊಟ್ಟಣ ತಿರುಗಿಸಿದರೂ ಮೂಲೆಯಲ್ಲಿ ಅದೇ ಸಾಲು: 'ಕಡಲೆಬೀಜದ ಅಂಶ ಇರಬಹುದು.'

"ಇರಬಹುದು ಅಂದ್ರೆ ಏನ್ರೀ? ಇದ್ಯಾ, ಇಲ್ವಾ?"

"ನಿಮಗೆ ಹಿಟ್ಟು ಬೇಕಾ ಸಾರ್, ವಾದ ಬೇಕಾ?" ಎಂದ ಅಂಗಡಿಯವನು.

ಕೊನೆಗೆ ಊರಾಚೆ, ಅಕ್ಕಿ ಬಿಟ್ಟು ಬೇರೇನನ್ನೂ ಬೀಸದ ಗಿರಣಿಯೊಂದು ಸಿಕ್ಕಿತು. ದಿಗ್ವಿಜಯ ಮುಗಿಸಿದ ಚಕ್ರವರ್ತಿಯ ಗತ್ತಿನಲ್ಲಿ ಹಿಟ್ಟಿನೊಂದಿಗೆ ಮನೆಗೆ ಬಂದರು. ಮೊಟ್ಟೆಗೆ ಬದಲು ಬಾಳೆಹಣ್ಣು, ಬೆಣ್ಣೆಗೆ ಬದಲು ಸೂರ್ಯಕಾಂತಿ ಎಣ್ಣೆ ಸಿದ್ಧವಾಯಿತು.

"ಕೈ ತೊಳೆದ್ಯೇನೇ? ಒಂದು ಕಣ ಕೂಡ ಬೆರೆಯೋ ಹಾಗಿಲ್ಲ!" ಎಂದು ಹೆಂಡತಿಗೆ ಅಪ್ಪಣೆ ಕೊಡಿಸುತ್ತಾ ಹಿಟ್ಟು ಜರಡಿ ಹಿಡಿಯಲು ಬಗ್ಗಿದರು.

ಅಂಗಿಯ ಜೇಬಿನಿಂದ ಎರಡು ಹುರಿದ ಕಡಲೆಬೀಜ ಟಪ್ ಟಪ್ಪನೆ ಹಿಟ್ಟಿಗೆ ಬಿದ್ದವು.

"ಏನ್ರೀ ಇದು?"

"ಅದು... ಅಂಗಡೀಲಿ ಮಾತ್ರ ಕಣೇ. ಗಿರಾಕಿ ಇಲ್ದಾಗ ಬಾಯಿ ಸುಮ್ನಿರಲ್ಲ..."

ಅಂಗಿ ಬಕೆಟ್ಟಿಗೆ ಹೋಯಿತು, ಯಜಮಾನರು ಬಚ್ಚಲಿಗೆ, ಹಿಟ್ಟು ಕಸದ ಬುಟ್ಟಿಗೆ. ಅಮ್ಮ ಮಗಳನ್ನು ಹೊರಗೆ ಕೂರಿಸಿ ಅಡುಗೆಮನೆಯ ಮೂಲೆಮೂಲೆ ತಿಕ್ಕಿದಳು. ಆಮೇಲೆ ಬೀರುವಿನಿಂದ ಒಂದು ಹೊಸ ಪೊಟ್ಟಣ ತೆಗೆದಳು. ಅದೇ ಗಿರಣಿಯದು!

"ಇದೆಲ್ಲಿತ್ತೇ?" ಯಜಮಾನರು ಕಿಟಕಿಯ ಆಚೆಯಿಂದಲೇ ಕೇಳಿದರು. (ಒಳಗೆ ಪ್ರವೇಶ ನಿಷಿದ್ಧವಾಗಿತ್ತು.)

"ನಿಮ್ಮ ಅಂಗಡಿ ಎದುರಿಗೇ ಸಿಗುತ್ತೆ. ನಿಮ್ಮ ಉತ್ಸಾಹ ನೋಡಿ, ಯಾವುದಕ್ಕೂ ಇರಲಿ ಅಂತ ತಂದಿಟ್ಟಿದ್ದೆ."

ಕೇಕು ನಡುವೆ ಕೊಂಚ ಕುಸಿದಿತ್ತು. ಆದರೆ ಮಗಳು ಒಂದಾದ ಮೇಲೊಂದು ತುಂಡು ತಿಂದು, ಮೂಗಿಗೆಲ್ಲ ಮೆತ್ತಿಕೊಂಡು, ನಕ್ಕಿದ್ದೇ ನಕ್ಕಿದ್ದು. ಅಪ್ಪನಿಗೆ ಕಣ್ಣು ತುಂಬಿ ಬಂತು. ಅವಳು ಓಡಿಬಂದು ಅವರ ಬಾಯಿಗೂ ಒಂದು ತುಂಡಿಟ್ಟು, ಒಗೆದ ಅಂಗಿಯ ಮೇಲೆ ಒಂದು ಚೀಟಿ ಅಂಟಿಸಿದಳು. ಅದನ್ನು ಓದಲು ಭೂತಗನ್ನಡಿ ಬೇಕಿರಲಿಲ್ಲ. ಅಕ್ಷರಗಳು ಬೀದಿಯ ಆಚೆ ಬದಿಗೂ ಕಾಣುವಷ್ಟು ದಪ್ಪಗಿದ್ದವು:

'ಈ ಅಪ್ಪನಲ್ಲಿ ಕಡಲೆಬೀಜದ ಅಂಶ ಇರಬಹುದು.'