ಹಿಂದೆ ಕೂತವರು ಹೇಳಿದ್ದು

"ಎಡಗಡೆ ತಣ್ಣಗಿದೆ. ಬಲಗಡೆ ಇನ್ನೂ ಬಿಸಿ ಬರ್ತಿದೆ ನೋಡಿ."

ನನ್ನ ಹೆಂಡತಿ ನನಗೆ ಕೊನೆಯದಾಗಿ ಹೇಳಿದ ಮಾತು ಇದು. ಗಿರಾಕಿಯ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಹೇಳಿದಳು. ನಾನು ಮುಂದೆ ಗುಂಡಿ ತಿರುಗಿಸಿ "ಈಗ?" ಅಂದೆ. ಉತ್ತರ ಬರಲಿಲ್ಲ. ಅವಳಿಗೆ ಅಲ್ಲಿ ಕೂತು ತೂಕಡಿಸುವ ಅಭ್ಯಾಸ ಇತ್ತು. ಹಾಗೇ ಅಂದುಕೊಂಡೆ. ಎದೆ ನಿಂತಿತ್ತು ಅಂತ ಆಮೇಲೆ ಡಾಕ್ಟರು ಹೇಳಿದರು. ಬಲಗಡೆ ಬಿಸಿ ಅಂದದ್ದು ಸರಿಯಾಗಿತ್ತು. ಅವಳು ಹಿಂದೆ ಕೂತು ಹೇಳಿದ್ದು ಯಾವತ್ತೂ ತಪ್ಪಿರಲಿಲ್ಲ.

ಮೂಡಿಗೆರೆಯಲ್ಲಿ ನನ್ನದು ಕಾರಿನ ಎಸಿ ರಿಪೇರಿ ಅಂಗಡಿ. ನಗು ಬರುವಂಥದ್ದು ಇಲ್ಲಿ ಆಗುತ್ತಲೇ ಇರುತ್ತದೆ. ಅವಳು ಹೋದ ಮೇಲೆ ನಿಲ್ಲುತ್ತದೆ ಅಂದುಕೊಂಡಿದ್ದೆ. ಜಾಸ್ತಿ ಆಯಿತು. ಯಾಕೆ ಅಂತ ಹೇಳುತ್ತೇನೆ.

ದೊಡ್ಡ ಗಾಡಿಗಳಲ್ಲಿ ಹಿಂದೆ ಕೂತವರಿಗೆ ಬೇರೆ ಎಸಿ. ಅದರೊಳಗೆ ಅಂಗೈಯಗಲದ ಗಾಳಿಬಾಗಿಲುಗಳಿವೆ. ಒಂದು ಬಿಸಿ ಗಾಳಿ, ತಣ್ಣನೆ ಗಾಳಿ ಬೆರೆಸುತ್ತದೆ. ಇನ್ನೊಂದು ಗಾಳಿಯನ್ನು ಕಾಲಿಗೋ ತಲೆಗೋ ಕಳಿಸುತ್ತದೆ. ಒಂದೊಂದಕ್ಕೂ ಬೆಂಕಿಪೊಟ್ಟಣದಷ್ಟು ಮೋಟಾರು. ಕಂಪನಿಯವರು ಅದನ್ನ ಆಕ್ಚುಯೇಟರ್ ಅನ್ನುತ್ತಾರೆ. ಅದರೊಳಗಿನ ಚಕ್ರದ ಹಲ್ಲು ಸವೆದರೆ ಟಕ್ ಟಕ್ ಅನ್ನುತ್ತದೆ. ಏನು ಕೆಟ್ಟಿದೆ ಅಂತ ನೋಡಲು ಸ್ಕ್ಯಾನರ್ ಇದೆ. ಅದು ಮೋಟಾರು ತಿರುಗಿತು ಅನ್ನುತ್ತದೆ. ಬಾಗಿಲು ತಿರುಗಿತೋ ಇಲ್ಲವೋ ಹೇಳುವುದಿಲ್ಲ. ಅದಕ್ಕೆ ಹಿಂದೆ ಒಬ್ಬರು ಕೈ ಒಡ್ಡಿ ಕೂರಬೇಕು.

ಒಬ್ಬನೇ ಮಾಡಬಹುದು. ಮುಂದೆ ಗುಂಡಿ ತಿರುಗಿಸುವುದು, ಇಳಿಯುವುದು, ಹಿಂದೆ ಹೋಗಿ ಕೂತು ನೋಡುವುದು. ಆ ಸೀಟಿನಲ್ಲಿ ಕೂರಲು ನನ್ನಿಂದ ಆಗಲಿಲ್ಲ. ಅಷ್ಟೇ. ಈಗ ಬರುವ ಗಾಡಿಗಳೆಲ್ಲ ಹಿಂದೆ ಎಸಿ ಇರುವಂಥವೇ. ಕೂರುವವರು ಸಿಗದಿದ್ದರೆ ಅಂಗಡಿ ಮುಚ್ಚಬೇಕು. ನನ್ನ ಅಂಗಡಿ ಇರುವ ಕಟ್ಟಡ ಎದುರಿಗೆ ಟೀ ಅಂಗಡಿ ಇಟ್ಟವರದ್ದು. ಅವರಿಗೆ ಹೇಳಿದೆ, "ಈ ತಿಂಗಳು ನೋಡ್ತೀನಿ. ಆಗದಿದ್ರೆ ಬೀಗದ ಕೈ ಕೊಟ್ಟು ಹೋಗ್ತೀನಿ."

"ನೋಡಿ ಮಾರಾಯ್ರೆ" ಅಂದರು.

ಆ ತಿಂಗಳು ಹಿಂದೆ ಕೂತವರು ಇವರು.

೧. ರೈಟರು

ಒಬ್ಬರು ಎಸ್ಟೇಟ್ ಸಾಹುಕಾರರು ಹೊಸ ಗಾಡಿ ತಂದರು. ಜೊತೆಗೆ ಅವರ ತೋಟದ ಲೆಕ್ಕ ಬರೆಯುವ ರೈಟರು.

"ನನ್ನ ಗಾಡಿಗೆ ಏನೂ ಆಗಿಲ್ಲ. ಹಿಂದೆ ಬಿಸಿ ಬರ್ತದೆ ಅಂತ ಮನೆಯವರು ಹೇಳ್ತಾರೆ, ಅದಕ್ಕೆ ತಂದೆ" ಅಂದರು ಸಾಹುಕಾರರು.

ರೈಟರನ್ನ ಹಿಂದೆ ಕೂರಿಸಿದೆ. ತಣ್ಣಗೆ ತಿರುಗಿಸಿ "ಈಗ?" ಅಂದೆ.

ರೈಟರು ಗಾಜಿನಾಚೆ ನಿಂತ ಸಾಹುಕಾರರ ಮುಖ ನೋಡಿದರು.

"ತಣ್ಣಗೆ ಬರ್ತಿರ್ಬೇಕಲ್ಲ ರೈಟರೆ?" ಅಂದರು ಸಾಹುಕಾರರು.

"ಹೌದು ಸಾರ್. ತುಂಬಾ ತಣ್ಣಗೆ."

ನನಗೆ ಅನುಮಾನ. ಬೇಕಂತಲೇ ಪೂರ್ತಿ ಬಿಸಿಗೆ ತಿರುಗಿಸಿದೆ. "ಈಗ?"

"ಇನ್ನೂ ತಣ್ಣಗೆ ಸಾರ್."

ಕೆಳಗೆ ಇಳಿದಾಗ ರೈಟರ ಕನ್ನಡಕ ಮಂಜಾಗಿತ್ತು. ಶರಟು ಹಿಂಡಿದರೆ ನೀರು ಬರುವ ಹಾಗಿತ್ತು. ಸಾಹುಕಾರರೇ ಕೇಳಿದರು, "ಏನ್ರೀ ಇದು, ಇಷ್ಟೊಂದು ಬೆವರು?"

"ಇದು ನನ್ನ ಸ್ವಂತದ್ದು ಸಾರ್" ಅಂದರು ರೈಟರು. "ಗಾಡೀದಲ್ಲ."

೨. ಅಣ್ಣ ತಮ್ಮ

ಕಳಸದ ಕಡೆಯ ಇಬ್ಬರು ಬಂದರು. ಅಣ್ಣ ತಮ್ಮ. ತೋಟ ಪಾಲಾಗಿತ್ತು. ಮನೆ ಪಾಲಾಗಿತ್ತು. ಗಾಡಿ ಮಾತ್ರ ಒಟ್ಟಿಗೆ ಇತ್ತು, ಅದನ್ನ ಸೀಳಲು ಆಗುವುದಿಲ್ಲವಲ್ಲ. ಮುಂದೆ ಡ್ರೈವರ್. ಹಿಂದೆ ಎಡಗಡೆ ಅಣ್ಣನಿಗೆ, ಬಲಗಡೆ ತಮ್ಮನಿಗೆ.

ಒಳ್ಳೆಯದಾಯಿತು, ಒಬ್ಬರ ಬದಲು ಇಬ್ಬರು ಸಿಕ್ಕಿದರು ಅಂದುಕೊಂಡೆ.

"ಈಗ?"

"ಇವನ ಕಡೆ ಜಾಸ್ತಿ" ಅಂದರು ಅಣ್ಣ.

"ಸುಳ್ಳು. ಅಣ್ಣನ ಕಡೆಗೇ ಜಾಸ್ತಿ" ಅಂದರು ತಮ್ಮ.

ಜಾಗ ಬದಲಾಯಿಸಿ ಕೂರಿ ಅಂದೆ. ಕೂತರು.

"ಈಗ ಪೂರ್ತಿ ಇವನಿಗೇ ಹೋಗ್ತಿದೆ!"

"ನೋಡಿದ್ರಾ? ತೋಟದಲ್ಲೂ ಅಣ್ಣ ಹೀಗೇ ಮಾಡಿದ್ದು. ನೀರಿರೋ ಕಡೆ ಅವ್ನು, ಕಲ್ಲಿರೋ ಕಡೆ ನಾನು."

ಎರಡು ಮೋಟಾರೂ ಬಿಚ್ಚಿದೆ. ಎರಡೂ ಸರಿ ಇದ್ದವು. ಬಾಗಿಲುಗಳೂ ಸರಿ ಇದ್ದವು. ಹಾಗೆ ಹೇಳಿದರೆ ಇಬ್ಬರೂ ಒಪ್ಪಲಿಲ್ಲ. "ಡ್ರೈವರ್, ನೀನು ಹೇಳು" ಅಂದರು. ಡ್ರೈವರ್ ಬೀಡಿ ತರುತ್ತೇನೆ ಅಂತ ಹೋದವನು ಬರಲೇ ಇಲ್ಲ.

ಕೊನೆಗೆ ಹಿಂದಿನ ಎಸಿಯನ್ನೇ ಬಂದ್ ಮಾಡಿದೆ. ಇಬ್ಬರೂ ಕೈ ಒಡ್ಡಿ ನೋಡಿದರು. ಗಾಳಿ ಇಲ್ಲ.

"ಹಾಂ, ಈಗ ಸಮ ಆಯ್ತು" ಅಂದರು ಅಣ್ಣ.

"ಇಷ್ಟು ಸುಲಭದ್ದಕ್ಕೆ ಕಳಸದಿಂದ ಬರ್ಬೇಕಾಯ್ತು" ಅಂದರು ತಮ್ಮ.

೩. ಮೆಣಸು

ಮೆಣಸು ಒಣಗಿಸುವ ಹೊತ್ತಿಗೆ ಒಂದು ವಾರ ಮಳೆ ಹಿಡಿಯಿತು. ಆಗ ಒಬ್ಬರು ಬೆಳೆಗಾರರು ಬಂದರು. "ಹಿಂದೆ ಟಕ್ ಟಕ್ ಅಂತದೆ. ಅದೊಂದು ನಿಲ್ಸಿ ಕೊಡಿ" ಅಂದರು.

ಅವರನ್ನೇ ಹಿಂದೆ ಕೂರಿಸೋಣ ಅಂತ ಡೋರ್ ತೆಗೆದೆ. ಕೂರಲು ಜಾಗ ಇಲ್ಲ. ಸೀಟಿನ ಮೇಲೆ, ಕೆಳಗೆ, ಎಲ್ಲ ಪೇಪರ್ ಹಾಸಿ ಮೆಣಸು ಹರಡಿದ್ದರು.

ಬಿಚ್ಚಿ ನೋಡಿದೆ. ಗಾಳಿಬಾಗಿಲಿನ ಸಂದಿಯಲ್ಲಿ ಮೂರು ಮೆಣಸಿನ ಕಾಳು ಸಿಕ್ಕಿಕೊಂಡಿದ್ದವು. ಬಾಗಿಲು ಬಿಸಿ ಕಡೆಗೇ ನಿಂತುಬಿಟ್ಟಿತ್ತು. ಮೋಟಾರು ತಿರುಗಿಸಲು ನೋಡಿ ನೋಡಿ ಟಕ್ ಟಕ್ ಅನ್ನುತ್ತಿತ್ತು. ಕಾಳು ತೆಗೆದೆ. ಶಬ್ದ ನಿಂತಿತು. ತಣ್ಣಗೆ ಗಾಳಿ ಬಂತು. ಹಿಂದೆ ಯಾರೂ ಕೂರದೆ ಮುಗಿದ ಕೆಲಸ ಅದೊಂದೇ. ನನಗೆ ಖುಷಿ ಆಯಿತು.

ನಾಲ್ಕು ದಿನ ಬಿಟ್ಟು ಅದೇ ಗಾಡಿ ಬಂತು. ಅವರು ಇಳಿದು ಬಂದು ಒಂದು ಹಿಡಿ ಮೆಣಸು ನನ್ನ ಅಂಗೈಗೆ ಹಾಕಿದರು. ಬೂಸಲು ಹಿಡಿದಿತ್ತು.

"ಟಕ್ ಟಕ್ ನಿಲ್ಸಿ ಅಂದೆ. ಬಿಸಿ ನಿಲ್ಸಿ ಅಂದ್ನಾ?"

"ಕೆಟ್ಟಿತ್ತು, ಸರಿ ಮಾಡ್ದೆ" ಅಂದೆ.

ಅವರು ಆಚೆ ಈಚೆ ನೋಡಿದರು. ಆಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಮೊದ್ಲಿನ ಹಾಗೇ ಕೆಡಿಸಿ ಕೊಡಕ್ಕಾಗ್ತದಾ?"

೪. ದೊಡ್ಡಮ್ಮ

ತಿಂಗಳು ಮುಗಿಯಲು ಎರಡು ದಿನ ಇತ್ತು. ಸ್ಪ್ಯಾನರುಗಳನ್ನ ಒರೆಸಿ ಡಬ್ಬಿಗೆ ತುಂಬಿದ್ದೆ. ಟೀ ಅಂಗಡಿಯವರು ಅದನ್ನ ನೋಡಿಯೂ ನೋಡದ ಹಾಗೆ ಇದ್ದರು.

ಬೆಳಿಗ್ಗೆ ಹನ್ನೊಂದರ ಹೊತ್ತು. ಒಂದು ಮನೆಯವರು ಎರಡು ಗಾಡಿಯಲ್ಲಿ ಮದುವೆಗೆ ಬಂದರು. ಒಂದನ್ನ ನನ್ನ ಹತ್ತಿರ ಬಿಟ್ಟು ಎಲ್ಲರೂ ಇನ್ನೊಂದಕ್ಕೆ ತುಂಬಿಕೊಂಡರು. "ಹಿಂದೆ ಗಾಳಿ ಎಲ್ಲೆಲ್ಲೋ ಹೋಗ್ತದೆ, ನೋಡಿಡಿ, ಊಟ ಮುಗಿಸಿ ಬರ್ತೇವೆ" ಅಂದು ಹೋದರು.

ಇದು ಕೊನೆಯ ಗಾಡಿ ಅಂದುಕೊಂಡೆ. ಮುಂದೆ ಕೂತು ಎಂಜಿನ್ ಹಾಕಿದೆ. ಗಾಳಿಯನ್ನ ತಲೆ ಕಡೆಗೆ ತಿರುಗಿಸಿದೆ. ಹಿಂದೆ ಟಕ್ ಟಕ್ ಅಂತು. ಯಾರೂ ಇಲ್ಲ ಅಂತ ಗೊತ್ತು. ಬಾಯಿ ಕೇಳಬೇಕಲ್ಲ.

"ಈಗ?" ಅಂದೆ.

"ಕಾಲಿಗೇ ಬರ್ತಿದೆ. ತಲೆಗೆ ಏನೂ ಇಲ್ಲ" ಅಂತು ಹಿಂದಿನಿಂದ ಹೆಂಗಸಿನ ದನಿ.

ನಾನು ಇಳಿದದ್ದು ನನಗೆ ನೆನಪಿಲ್ಲ. ರಸ್ತೆ ದಾಟಿದ್ದೂ ನೆನಪಿಲ್ಲ. ಟೀ ಅಂಗಡಿಯಲ್ಲಿ ನಿಂತಿದ್ದೆ. ಒಂದೇ ಕಾಲಲ್ಲಿ ಚಪ್ಪಲಿ ಇತ್ತು.

"ಏನಾಯ್ತು ಮಾರಾಯ್ರೆ?" ಅಂದರು ಟೀ ಅಂಗಡಿಯವರು.

"ಹಿಂದಿನ ಸೀಟಲ್ಲಿ ಮಾತಾಡಿದ್ಲು."

"ಯಾರು?"

"ನನ್ನ ಹೆಂಡ್ತಿ."

ಅವರು ಸೋಸುತ್ತಿದ್ದ ಟೀ ಕೆಳಗಿಟ್ಟರು. "ಏನಂದ್ರು?"

"ಕಾಲಿಗೇ ಬರ್ತಿದೆ, ತಲೆಗೆ ಬರ್ತಿಲ್ಲ ಅಂದ್ಲು."

"ಮತ್ತೆ ಹೋಗಿ ಸರಿ ಮಾಡಿ. ಇಲ್ಲಿ ಯಾಕೆ ನಿಂತಿದ್ದೀರಿ?"

ಹಾಗಂದರೂ ಜೊತೆಗೆ ಬಂದರು. ಕೈಯಲ್ಲಿ ಸೌಟು ಹಿಡಿದಿದ್ದರು. ಇಬ್ಬರೂ ಮೆಲ್ಲಗೆ ಹಿಂದಿನ ಡೋರ್ ತೆಗೆದೆವು. ಕೊನೆಯ ಸೀಟಿನಲ್ಲಿ ಒಂದು ಶಾಲು ಎದ್ದು ಕೂತಿತು. ಒಳಗಿನಿಂದ ಎಂಬತ್ತು ವರ್ಷದ ಮುದುಕಿಯೊಬ್ಬರ ತಲೆ ಬಂತು.

"ಮುಂದಿನ ಡೋರ್ ತೆಗೆದಿಟ್ಟು ಎಲ್ಲಿಗೆ ಓಡಿದ್ಯೋ? ಕಾಲಿಗೆ ತಣ್ಣಗಿತ್ತು, ಎಲ್ಲ ಹೋಯ್ತು" ಅಂದರು ನನಗೆ. ಟೀ ಅಂಗಡಿಯವರ ಸೌಟು ನೋಡಿ, "ಮದುವೆ ಮನೆ ಇದೇನಾ? ಪಾಯಸ ಆಯ್ತಾ?" ಅಂದರು.

ಮನೆಯವರ ದೊಡ್ಡಮ್ಮ ಅವರು. ಗಾಡಿಯಲ್ಲಿ ನಿದ್ದೆ ಹೋಗಿದ್ದರು. ಇವರೂ ಇನ್ನೊಂದು ಗಾಡಿ ಹತ್ತಿದ್ದಾರೆ ಅಂತ ಎಲ್ಲರೂ ಅಂದುಕೊಂಡಿದ್ದರು.

ಕಲ್ಯಾಣಮಂಟಪಕ್ಕೆ ಹೇಳಿಬರಲು ಟೀ ಅಂಗಡಿಯವರು ಹೋದರು. ಬರುವ ತನಕ ದೊಡ್ಡಮ್ಮ ಸುಮ್ಮನೆ ಕೂರಲಿಲ್ಲ. "ಅರ್ಧಕ್ಕೆ ಬಿಟ್ಟಿದ್ಯಲ್ಲ, ಮುಗ್ಸು" ಅಂದರು. ನಾನು ತಿರುಗಿಸಿದೆ, ಅವರು ಹೇಳಿದರು. ಒಂದೂ ತಪ್ಪಲಿಲ್ಲ. ತಲೆ ಕಡೆಯ ಬಾಗಿಲಿನ ಮೋಟಾರಿನ ಹಲ್ಲು ಹೋಗಿತ್ತು. ಮೋಟಾರು ಕಳಚಿ ಬಾಗಿಲನ್ನ ಕೈಯಲ್ಲೇ ತಿರುಗಿಸಿ ಇಟ್ಟೆ.

"ಹಾಂ, ಈಗ ತಲೆಗೆ ಬಂತು" ಅಂದರು.

"ದಿನಾ ಬರ್ತೀರಾ ಅಮ್ಮ? ಹಿಂದೆ ಕೂರುವವರು ಇಲ್ಲ."

"ಇಷ್ಟು ದಿನ ಯಾರು ಕೂರ್ತಿದ್ರು?"

"ಹೆಂಡ್ತಿ. ತೀರಿಹೋದ್ಲು."

ಅವರು ಶಾಲನ್ನ ಎಳೆದು ಮಡಿಲಿಗೆ ಹಾಕಿಕೊಂಡರು. ಪಕ್ಕದಲ್ಲಿ ಜಾಗ ಆಯಿತು.

"ನಿನಗೆ ಕೈ ಇಲ್ವಾ? ನೀನೇ ಬಂದು ಕೂತು ನೋಡು. ಇಲ್ಲಿ ಮುಳ್ಳೇನೂ ಇಲ್ಲ."

ನಾನು ಕೂರಲಿಲ್ಲ. ಸ್ಪ್ಯಾನರ್ ಹುಡುಕುವವನ ಹಾಗೆ ಬಗ್ಗಿದೆ.

ಅಷ್ಟರಲ್ಲಿ ಆ ಮನೆಯ ಯಜಮಾನರು ಓಡಿ ಬಂದರು. ರೇಷ್ಮೆ ಪಂಚೆ ಎತ್ತಿ ಕಟ್ಟಿದ್ದರು. "ದೊಡ್ಡಮ್ಮ, ತಪ್ಪಾಯ್ತು! ನೀವು ಆ ಗಾಡೀಲಿದ್ದೀರಿ ಅಂದ್ಕೊಂಡೆ!"

ದೊಡ್ಡಮ್ಮ ನಿಧಾನವಾಗಿ ಇಳಿದರು. "ಈ ಪುಣ್ಯಾತ್ಮ ಈಗ ತಾನೇ ತಲೆಗೆ ತಣ್ಣಗೆ ಗಾಳಿ ಬಿಟ್ಟ. ಅವನಿಂದ ಉಳ್ಕೊಂಡೆ ನೀನು. ಒಂದು ಗಳಿಗೆ ಮೊದ್ಲು ಬಂದಿದ್ರೆ ಮದುವೆ ಮನೇಲಿ ನಿನ್ನ ಮುಖ ತೋರ್ಸಕ್ಕೆ ಆಗ್ತಿರ್ಲಿಲ್ಲ" ಅಂದರು.

ಗಾಡಿ ನನ್ನ ಹತ್ತಿರವೇ ಉಳಿಯಿತು. ಹೊಸ ಮೋಟಾರು ಚಿಕ್ಕಮಗಳೂರಿಂದ ಬರಬೇಕಿತ್ತು.

ಮಾರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಂತು. ಕೂರಿಸಿದೆ. ಎಂಜಿನ್ ಹಾಕಿದೆ. ತಣ್ಣಗೆ ತಿರುಗಿಸಿ, ಗಾಳಿ ತಲೆಗೆ ಇಟ್ಟೆ. ಇಳಿದೆ. ಗಾಡಿ ಸುತ್ತಿ ಹಿಂದೆ ಹೋದೆ. ಡೋರ್ ಹಿಡಿದು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಹತ್ತಿ ಕೂತು ಡೋರ್ ಹಾಕಿಕೊಂಡೆ. ಕೈ ಒಡ್ಡಿದೆ. ಗಾಳಿ ಸರಿಯಾಗಿ ಬರುತ್ತಿತ್ತು. ಕೆಲಸ ಮುಗಿದಿತ್ತು. ಏಳಲಿಲ್ಲ.

ಟೀ ಅಂಗಡಿಯವರು ಬಂದು ಗಾಜು ತಟ್ಟಿದರು. ಮುಂದಿನ ಖಾಲಿ ಸೀಟು ನೋಡಿದರು, ಹಿಂದೆ ಕೂತ ನನ್ನನ್ನ ನೋಡಿದರು.

"ಏನ್ ಸಾಹುಕಾರ್ರೆ, ಡ್ರೈವರ್ ಇಲ್ದೆ ಎಲ್ಲಿಗೆ ಹೊರಟ್ರಿ?"

"ಎಲ್ಲಿಗೂ ಇಲ್ಲ" ಅಂದೆ. "ಟೀ ಇಲ್ಲಿಗೇ ಕೊಡಿ."