ಕೆಲಸದ ಹೊಗೆ, ಕೇಡಿನ ಹೊಗೆ

ಹೊಗೆ ಇರಬಾರದ ಕಡೆ ಹೊಗೆ ಕಂಡರೆ ಬೆಂಕಿ ಅಂತ ಯಾರಿಗಾದರೂ ಗೊತ್ತಾಗ್ತದೆ. ಆದರೆ ಬೆಳಗ್ಗಿಂದ ಸಂಜೆವರೆಗೆ ಹೊಗೆ ಎಬ್ಬಿಸುವುದೇ ಹೊಟ್ಟೆಪಾಡಾದರೆ, ಬೆಂಕಿ ಹತ್ತಿದ್ದು ಗೊತ್ತಾಗುವುದು ಹೇಗೆ? ಎಂಬತ್ತರ ದಶಕದಲ್ಲಿ, ಕರಾವಳಿಯ ಪೇಟೆಯ ನಡುವಿರುವ ಹಂಪನಕಟ್ಟೆಯ ಒಂದು ಮಾಳಿಗೆಯಲ್ಲಿ ಕೂತು ನಾನು ಇದಕ್ಕೆ ಉತ್ತರ ಹುಡುಕಿದ್ದೇನೆ. ಹುಡುಕಿದಾಗಲೆಲ್ಲ ಏನಾದರೊಂದು ಫಜೀತಿ ಆಗ್ತಾನೇ ಇತ್ತು.

ನಮ್ಮದು ಮನೆಗಳಿಗೆ ಹೆಸರಿನ ಹಲಗೆ ಮಾಡಿ ಕೊಡುವ ಅಂಗಡಿ. ಕರೆಂಟಿನಲ್ಲಿ ಕಾಯುವ ಒಂದು ಕಡ್ಡಿಯಿಂದ ಹಲಸಿನ ಹಲಗೆಯ ಮೇಲೋ ತೇಗದ ಹಲಗೆಯ ಮೇಲೋ ಅಕ್ಷರ ಸುಟ್ಟು ಕೊರೆಯುವುದು. ಈಗ ಅದನ್ನೆಲ್ಲ ಲೇಸರ್ ಮಿಷನ್ ಮಾಡ್ತದಂತೆ. ಆಗ ಮಿಷನ್ ಅಂದರೆ ನಾನೇ. ನನ್ನ ಪಾಲುದಾರ ಬ್ಯಾರಿ ಮುಸಲ್ಮಾನ, ಶಾಲೆಯಿಂದಲೂ ಗೆಳೆಯ. ಗಲ್ಫಿನಿಂದ ಬಂದು ಮನೆ ಕಟ್ಟುವವರೆಲ್ಲ ಅವನ ಗುರ್ತದವರು, ಆರ್ಡರು ತರುವುದು ಅವನ ಕೆಲಸ. ಕೆಳಗೆ ಭಟ್ಟರ ಹೋಟೆಲು. ನಮ್ಮ ತಲೆಯ ಮೇಲಿನ ಮಾಳಿಗೆಯಲ್ಲಿ ಕಟ್ಟಡದ ಯಜಮಾನಿ, ಬಂಟರ ಮನೆಯ ಹಿರಿಯ ಹೆಂಗಸು. ನಮಗೆಲ್ಲ ಅಕ್ಕ.

ಕೋಣೆ ಕೊಡುವ ದಿನವೇ ಅಕ್ಕ ಹೇಳಿಬಿಟ್ಟಿದ್ದರು. "ಹೊಗೆ ಬರಲಿ, ಅಡ್ಡಿ ಇಲ್ಲ. ಬೆಂಕಿ ಕಂಡ ದಿನ ಹಲಗೆ ಕಟ್ಟಿಕೊಂಡು ಹೊರಡ್ಬೇಕು."

ಹಂಪನಕಟ್ಟೆಯಲ್ಲಿ ಇನ್ನೊಂದು ಕೋಣೆ ಸಿಗುವುದು ಕನಸಿನ ಮಾತು. ಹಾಗಾಗಿ ನಾನೊಂದು ನಿಯಮ ಮಾಡಿದೆ: ಕಡ್ಡಿ ಕಾದಿರುವಾಗ ಬೆಂಚು ಬಿಟ್ಟು ಏಳಬಾರದು.

ಕಾವಲಿಗೆ ಕೂತ ಗಿರಾಕಿ

ನಿಯಮ ಒಳ್ಳೆಯದೇ. ಆದರೆ ಮನುಷ್ಯನಿಗೆ ಹೊಟ್ಟೆಯ ಕೆಳಗಿನ ತೊಂದರೆಗಳೂ ಉಂಟಲ್ಲ. ಒಮ್ಮೆ ತಡೆಯಲಾಗದೆ, ಹಲಗೆಗೆ ಕಾಯುತ್ತಾ ಕೂತಿದ್ದ ಗಿರಾಕಿಯೊಬ್ಬರನ್ನು ನನ್ನ ಸ್ಟೂಲಿನ ಮೇಲೆ ಕೂರಿಸಿ ಹೋದೆ. ಮೂರು ನಿಮಿಷ ಆಗಿರಬಹುದು. ಬಂದು ನೋಡಿದರೆ ಕಡ್ಡಿ ಸ್ಟ್ಯಾಂಡಿನಿಂದ ಜಾರಿ ಹಲಗೆಗೆ ಒರಗಿದೆ, ಅವರ ಮನೆ ಹೆಸರಿನ ಕೊನೆಯ ಅಕ್ಷರದ ಜಾಗದಲ್ಲಿ ಇದ್ದಿಲು. ಅವರು ಎರಡೂ ಕೈ ಮೊಣಕಾಲ ಮೇಲಿಟ್ಟು ಬಹಳ ಶ್ರದ್ಧೆಯಿಂದ ನೋಡ್ತಾ ಕೂತಿದ್ದಾರೆ.

"ಅಲ್ಲ ಮಾರಾಯ್ರೇ, ಇಷ್ಟು ಹೊಗೆ ಬರುವಾಗ ನನ್ನನ್ನು ಕರೀಬಾರದಾ?"

"ಸುಡುವುದೇ ನಿಮ್ಮ ಕೆಲಸ ಅಲ್ವಾ? ಎಷ್ಟು ಸುಡಬೇಕು ಅಂತ ನನಗೆಂತ ಗೊತ್ತು?" ಅಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, "ನೀವಿಲ್ಲದೆಯೂ ಕೆಲಸ ಆಗ್ತದಲ್ಲ, ಒಳ್ಳೆ ಮಿಷನ್ ಅಂತ ಎಣಿಸಿದೆ" ಅಂತ ಸೇರಿಸಿದರು.

ದುಬೈಯ ಡಬ್ಬಿ

ಮನುಷ್ಯರನ್ನು ನಂಬಿದರೆ ಆಗುವುದಿಲ್ಲ ಅಂತ ಪಾಲುದಾರ ದುಬೈಯಲ್ಲಿದ್ದ ಭಾವನಿಗೆ ಕಾಗದ ಬರೆದ. ಭಾವ ಊರಿಗೆ ಬರುವಾಗ ಬಿಳೀ ಡಬ್ಬಿಯೊಂದನ್ನು ತಂದುಕೊಟ್ಟ. ಬ್ಯಾಟರಿ ಹಾಕಿ ಸೀಲಿಂಗಿಗೆ ಸಿಕ್ಕಿಸಿದರೆ ಸಾಕು, ಹೊಗೆ ತಾಗಿದ ಕೂಡಲೇ ಕೂಗ್ತದಂತೆ. ನನಗೆ ಮಹಾ ಕುತೂಹಲ. ನೋಡುವಾ ಅಂತ ಹಲಗೆಗೆ ಕಡ್ಡಿ ತಾಗಿಸಿದೆ. ಮೊದಲ ಅಕ್ಷರದ ಅರ್ಧ ಆಗಿರಲಿಲ್ಲ, ಡಬ್ಬಿ ಕೂಗಿದ ಕೂಗಿಗೆ ಕೆಳಗೆ ಸಿಟಿ ಬಸ್ಸಿಗೆ ನಿಂತವರೆಲ್ಲ ತಲೆ ಎತ್ತಿದರು. ಕಡ್ಡಿ ತೆಗೆದರೆ ಸುಮ್ಮನಾಗ್ತದೆ, ಇಟ್ಟರೆ ಕೂಗ್ತದೆ. ಒಂದು ಹೆಸರು ಮುಗಿಸುವಷ್ಟರಲ್ಲಿ ನನ್ನ ಎರಡೂ ಕಿವಿ ಬಂದ್ ಆಗಿತ್ತು.

ಭಟ್ಟರು ಓಡಿ ಬಂದರು. ಸಂಗತಿ ಕೇಳಿ, ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಎರಡು ದಿನ ನನಗೆ ಕೊಡಿ" ಅಂತ ತೆಗೆದುಕೊಂಡು ಹೋಗಿ ಅಡುಗೆಮನೆಯಲ್ಲಿ ಸಿಕ್ಕಿಸಿದರು. ಎರಡು ದಿನ ಕಳೆಯಿತು, ಎರಡು ತಿಂಗಳೂ ಕಳೆಯಿತು. ವಾಪಸು ಕೇಳಿದರೆ ಭಟ್ಟರು ಕೊಡಲು ತಯಾರಿಲ್ಲ.

"ಸಾಂಬಾರಿಗೆ ಮೆಣಸು ಹುರಿಯುವಾಗ ಕರಟುವ ಮೊದಲೇ ಕೂಗ್ತದೆ. ಅಡುಗೆಯವನಿಗಿಂತ ಇದಕ್ಕೆ ಜಾಸ್ತಿ ಗೊತ್ತುಂಟು. ಇದು ಸಂಬಳ ಕೇಳುವುದಿಲ್ಲ, ಊರಿಗೆ ಹೋಗ್ತೇನೆ ಅಂತಲೂ ಹೇಳುವುದಿಲ್ಲ."

ಅಕ್ಕನ ಮೂಗು

ನಿಜವಾದ ಯಂತ್ರ ಇದ್ದದ್ದು ಮೇಲಿನ ಮಾಳಿಗೆಯಲ್ಲಿ. ಅಕ್ಕ ಮೆಟ್ಟಿಲಲ್ಲಿ ಸಿಕ್ಕಿದಾಗ "ಇವತ್ತು ತೇಗವಾ?" ಅಂತ ಕೇಳುವರು. ಹೌದು, ತೇಗವೇ. ಪರೀಕ್ಷೆ ಮಾಡುವಾ ಅಂತ ಒಂದು ದಿನ ಹಲಸಿನ ಚೂರು, ತೇಗದ ಚೂರು ಎರಡನ್ನೂ ಒಂದೇ ಸಲ ಸುಟ್ಟೆ. ಮೇಲಿನಿಂದ ದನಿ ಬಂತು: "ಎರಡನ್ನೂ ಒಟ್ಟಿಗೆ ಯಾಕೆ ಸುಡ್ತೀ ಮಾರಾಯ?"

ಅವರಿಗೆ ತೊಂದರೆ ಆಗದಿರಲಿ ಅಂತ ನಾವು ಒಂದು ಎಕ್ಸಾಸ್ಟ್ ಫ್ಯಾನು ಹಾಕಿ, ತಗಡಿನ ಪೈಪಿನಲ್ಲಿ ಹೊಗೆಯನ್ನು ಹಿಂದಿನ ಗೋಡೆಯಿಂದ ಕೆಳಕ್ಕೆ ಬಿಟ್ಟೆವು. ಪೈಪಿನ ಬಾಯಿ ಭಟ್ಟರ ಅಡುಗೆಮನೆಯ ಕಿಟಕಿಯ ಹತ್ತಿರ. ದಿನದ ಹೊಗೆ ಎಷ್ಟು ಮಹಾ, ಗಾಳಿಗೆ ಹೋಗ್ತಿತ್ತು. ಅಕ್ಕನಿಗೆ ಮಾತ್ರ ಬೇಜಾರಾಯಿತು. "ನೀವು ಕೆಳಗೆ ಎಂತ ಮಾಡ್ತೀರಿ ಅಂತ ನನಗೆ ಗೊತ್ತಾಗುವುದು ಬೇಡವಾ?"

ಅದೇ ವಾರ ನಾನು ಬಗ್ಗಿ ಕೆಲಸ ಮಾಡ್ತಾ ಇದ್ದೆ, ಫ್ಯಾನೂ ತಿರುಗ್ತಾ ಇತ್ತು. ಆದರೂ ಮೇಲಿನಿಂದ ಅಕ್ಕ, "ಬಟ್ಟೆ ಸುಡ್ತಾ ಉಂಟು" ಅಂದರು.

"ಇಲ್ಲ ಅಕ್ಕ, ಇಲ್ಲಿ ಬಟ್ಟೆ ಎಲ್ಲುಂಟು?"

"ನೀನು ಉಟ್ಟದ್ದೆಂತ?"

ನೋಡಿದರೆ ನನ್ನ ಮುಂಡಿನ ಅಂಚಿನಲ್ಲಿ ಅಂಗೈಯಗಲದ ಕಿಟಕಿ.

ಕರೆಂಟು ಬಂದಾಗ

ನನ್ನ ನಿಯಮದಲ್ಲಿ ಒಂದು ತೂತು ಇತ್ತು. ಕಡ್ಡಿ ಕಾದಿರುವಾಗ ಏಳಬಾರದು, ಸರಿ. ಕರೆಂಟು ಹೋದರೆ?

ಒಂದು ಮಧ್ಯಾಹ್ನ ಹಾಗೇ ಹೋಯಿತು. ಪಾಲುದಾರ ಆರ್ಡರಿಗೆಂದು ನಂತೂರಿನ ಕಡೆ ಹೋಗಿದ್ದ. ಕರೆಂಟಿಲ್ಲದ ಕಡ್ಡಿ ಎಂತ ಮಾಡ್ತದೆ ಅಂತ ಅದನ್ನು ಹಲಗೆಯ ಮೇಲೇ ಬಿಟ್ಟು, ಅದರದ್ದಾಗಲಿ ಎಕ್ಸಾಸ್ಟ್ ಫ್ಯಾನಿನದ್ದಾಗಲಿ ಸ್ವಿಚ್ಚು ಆರಿಸದೆ, ಚಾ ಕುಡಿಯಲು ಕೆಳಗಿಳಿದೆ. ಭಟ್ಟರೊಟ್ಟಿಗೆ ಮಾತು ರಂಗೇರಿತು. ತಲೆಯ ಮೇಲೆ ಫ್ಯಾನು ತಿರುಗಲು ಶುರುವಾದಾಗ "ಅಬ್ಬ, ಗಾಳಿ ಬಂತು" ಅಂದವನು ನಾನೇ. ಇನ್ನೊಂದು ಚಾ ಹೇಳಿದವನೂ ನಾನೇ.

ಸ್ವಲ್ಪ ಹೊತ್ತಿಗೆ ಒಳಗೆ ಡಬ್ಬಿ ಕೂಗಿತು. ಭಟ್ಟರು ಕೂತಲ್ಲಿಂದಲೇ, "ಬಾಣಲೆ ಇಳಿಸು ಮಾರಾಯ" ಅಂದರು.

ಅಡುಗೆಯವನು ಬಾಗಿಲಿಗೆ ಬಂದು ನಿಂತ. "ಒಲೆಯ ಮೇಲೆ ಎಂತದ್ದೂ ಇಲ್ಲ ಭಟ್ರೇ. ಹೊಗೆ ಕಿಟಕಿಯಿಂದ ಬರ್ತಾ ಉಂಟು."

ಅದು ನಮ್ಮ ಪೈಪಿನ ಹೊಗೆ. ಕೋಣೆ ಹೋಯಿತು, ಕೆಲಸ ಹೋಯಿತು, ಇನ್ನು ಊರಿಡೀ ಅಲೆಯಬೇಕು ಅಂತ ಎಣಿಸುತ್ತಲೇ ಮೆಟ್ಟಿಲು ಹತ್ತಿದೆ. ಅಲ್ಲಿ ಅಕ್ಕ ನನಗಿಂತ ಮೊದಲೇ ಇದ್ದರು. ಮೆಟ್ಟಿಲ ಪಕ್ಕದ ಮೈನ್ ಸ್ವಿಚ್ಚು ಇಳಿಸಿ ಆಗಿತ್ತು. ಕದ್ರಿಯಿಂದ ಬರುವ ನೆಂಟರಿಗೆ ಅಂತ ಕಡೆದಿಟ್ಟ ನೀರುದೋಸೆಯ ಹಿಟ್ಟನ್ನು ಪಾತ್ರೆ ಸಮೇತ ತಂದು ಉರಿಯುವ ಹಲಗೆಯ ಮೇಲೆ ಹೊಯ್ದೂ ಆಗಿತ್ತು. ಬೆಂಕಿ ನಂದಿ ಬೆಂಚಿನ ಮೇಲೆ ಜಾಲರಿಯಂಥ ದೋಸೆ ಎದ್ದಿತ್ತು.

ನಾನು ಕೈಮುಗಿದು, "ಅಕ್ಕ, ಇವತ್ತೇ ಖಾಲಿ ಮಾಡ್ತೇವೆ" ಅಂದೆ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. "ಎಲ್ಲಿಗೆ ಹೋಗ್ತೀ? ಅಲ್ಲಿ ನಿನಗೆ ಮೂಗು ಯಾರದ್ದು? ಸುಮ್ಮನೆ ಇಲ್ಲೇ ಬಿದ್ದಿರು."

ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಗೆ ಅಂತ ಹೇಳಿದೆ.

ಅಷ್ಟರಲ್ಲಿ ಪಾಲುದಾರ ಬಂದ. ನಡೆದದ್ದೆಂತ ಅಂತ ಕೇಳಲೂ ಇಲ್ಲ, ಪರಿಮಳಕ್ಕೆ ಮರುಳಾಗಿ ಬೆಂಚಿನ ಅಂಚಿನಿಂದ ಒಂದು ಚೂರು ಕಿತ್ತು ಬಾಯಿಗೆ ಹಾಕಿದ. ಎರಡು ಸಲ ಜಗಿದು ಹೇಳಿದ: "ಉಪ್ಪು ಕಡಿಮೆ ಅಕ್ಕ."

ಅಕ್ಕ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ, ನನ್ನ ಕಡೆ ತಿರುಗಿದರು. "ನೀನು ಇರು ಮಾರಾಯ. ಇವನು ಮಾತ್ರ ಇವತ್ತೇ ಹೊರಡ್ಲಿ."