ದೂರಾನಾ ಅಂತಷ್ಟೇ ಕೇಳಬೇಕು

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಯಾರಾದರೂ ಚಪ್ಪಲಿ ಮೆಟ್ಟಿದರೆ ಸಾಕು, ಏನಾದರೊಂದು ನಡೆಯುತ್ತದೆ. ಹೊರಟವರನ್ನು ‘ಎಲ್ಲಿಗೆ’ ಅಂತ ಕೇಳಿದರೆ ಹೋದ ಕೆಲಸ ಕೆಡುತ್ತದೆ ಅನ್ನುವುದು ನಮ್ಮತ್ತೆಯ ನಂಬಿಕೆ. ‘ದೂರಾನಾ’ ಅನ್ನಬಹುದು. ಅದಕ್ಕೆ ‘ಇಲ್ಲೇ’ ಅನ್ನುವುದು ರೂಢಿಯ ಉತ್ತರ. ಈ ಮಗ್ಗದ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ‘ಇಲ್ಲೇ’ ಅಂದರೆ ಎಷ್ಟು ಕಿಲೋಮೀಟರು ಅಂತ ನನಗಿನ್ನೂ ತಿಳಿದಿಲ್ಲ.

ಮಾವನವರ ‘ಇಲ್ಲೇ’

ಒಂದು ಬೆಳಗ್ಗೆ ಮಾವ ಹಾಲಿನ ಕ್ಯಾನು ಹಿಡಿದು ಹೊರಟರು. ಇಲ್ಲೇ ಅಂದರು. ನಾನು ಡಿಕಾಕ್ಷನ್ ಇಳಿಸಿ ಕಾದೆ. ಮಧ್ಯಾಹ್ನ ಫೋನು ಬಂತು, ಸ್ನೇಹಿತರ ವ್ಯಾನಿನಲ್ಲಿ ಒಂದು ಸೀಟು ಖಾಲಿ ಇತ್ತಂತೆ. ಮಾರನೇ ದಿನ ತಲೆ ಬೋಳಿಸಿಕೊಂಡು, ತಿರುಪತಿ ಲಡ್ಡು ಹಿಡಿದು ಬಂದಿಳಿದರು. ಅತ್ತೆ ಲಡ್ಡು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಕೇಳಿದರು, “ಹಾಲು?”

ಔಟಿಂಗ್

ಅತ್ತೆಯ ಪ್ರಕಾರ ಮನೆಯಿಂದ ಬುತ್ತಿ ಕಟ್ಟಿಕೊಂಡರೆ ಪಿಕ್ನಿಕ್ಕು, ಹೋಟೆಲಿನಲ್ಲಿ ಉಂಡರೆ ಟೂರು, ಹೊಟ್ಟೆ ಹಸಿದುಕೊಂಡು ಹೋದರೆ ಯಾತ್ರೆ. ನನ್ನ ಗಂಡ ನಂದಿಬೆಟ್ಟಕ್ಕೆ ಔಟಿಂಗ್ ಹೋಗೋಣ ಅಂದಾಗ ಅದೇನು ಅಂತ ವಿಚಾರಿಸಿದರು. ಸುಮ್ಮನೆ ಹೋಗಿ ಸುಮ್ಮನೆ ಬರೋದು ಅಂದೆ. ಸುಮ್ಮನೆ ಯಾಕೆ ಹೋಗಬೇಕು ಅಂತ ನಮ್ಮ ಮಗ್ಗದ ಸೀರೆಗಳನ್ನೊಂದಿಷ್ಟು ಗಂಟು ಕಟ್ಟಿಕೊಂಡು ಕಾರು ಹತ್ತಿದರು. ನಾವು ಮಂಜು ನೋಡುತ್ತಿದ್ದರೆ ಅವರು ಕಲ್ಲುಬೆಂಚಿನ ಮೇಲೆ ಸೀರೆ ಹರಡಿ, ಯಾರೋ ಪ್ರವಾಸಿಗರಿಗೆ ಸೆರಗು ತೋರಿಸುತ್ತಿದ್ದರು. ಇಳಿಯುವಷ್ಟರಲ್ಲಿ ಗಂಟು ಖಾಲಿ.

“ಔಟಿಂಗ್ ಚೆನ್ನಾಗಿದೆ ಕಣೇ,” ಅಂದರು, “ಬರೋ ವಾರ ದೀಪಾವಳಿ ಸ್ಟಾಕು ತರೋಣ.”

ಮಾಕಳಿದುರ್ಗ

ಅಂದಿನಿಂದ ನನಗೆ ಒಂದೇ ಆಸೆ. ಮನೆಯವರು ಯಾರೂ ಇಲ್ಲದೆ, ಕಾಲೇಜಿನ ಸಹೋದ್ಯೋಗಿಗಳ ಜೊತೆ ಒಂದು ಭಾನುವಾರ ಕಳೆಯಬೇಕು. ಕೊನೆಗೂ ಮಾಕಳಿದುರ್ಗಕ್ಕೆ ಟ್ರೆಕ್ಕಿಂಗ್ ಗೊತ್ತಾಯಿತು. ಬೆಟ್ಟ ಹತ್ತಿ ಏನು ಮಾಡ್ತೀರ ಅಂದರು ಅತ್ತೆ. ಇಳೀತೀವಿ ಅಂದೆ. ಬೀದಿಯವರಿಗೆ ಇದನ್ನು ಯಾವ ಬಾಯಲ್ಲಿ ಹೇಳಲಿ ಅಂತ ಗೊಣಗಿದರೂ ಕಳಿಸಿಕೊಟ್ಟರು.

ಮೇಲಿನ ಗುಡಿಯ ಹತ್ತಿರ ಕೂತು ಚಿಪ್ಸ್ ಪೊಟ್ಟಣ ಒಡೆದಿದ್ದೆವು. ಅತ್ತೆಯ ಫೋನು.

“ಎದುರುಮನೆಯವರು ನಿನ್ನ ಕೇಳಿದ್ರು. ಮಂಡಿನೋವು ವಾಸಿಯಾಯ್ತು, ಹರಕೆ ತೀರ್ಸೋಕೆ ಹೋಗವ್ಳೆ ಅಂದ್ಬಿಟ್ಟೆ. ಬರ್ತಾ ಪ್ರಸಾದ ಅಂತ ಏನಾದ್ರೂ ತಗೊಂಡ್ಬಾ.”

ನನಗೆ ಮಂಡಿನೋವು ಯಾವತ್ತೂ ಇರಲಿಲ್ಲ. ಬೆಟ್ಟ ಇಳಿಯುವಾಗ ಶುರುವಾಯಿತು. ಕೆಳಗಿನ ಅಂಗಡಿಯಲ್ಲಿ ಕಡ್ಲೆಪುರಿ ಕೊಂಡು ಊರಿಗೆ ಬಂದರೆ, ಪೈಪಿಗೆ ರಸ್ತೆ ಅಗೆದಿದ್ದಾರೆ ಅಂತ ಆಟೋದವನು ಬೀದಿ ತುದಿಯಲ್ಲೇ ಇಳಿಸಿದ. ಎದುರುಮನೆ ಜಗಲಿ ತುಂಬಾ ಹೆಂಗಸರು, ಎಲ್ಲರ ಕಣ್ಣೂ ನನ್ನ ಕಾಲಿನ ಮೇಲೆ. ಹಲ್ಲು ಕಚ್ಚಿಕೊಂಡು ನೆಟ್ಟಗೆ ನಡೆದೆ. ಕಡ್ಲೆಪುರಿ ಹಂಚಿದೆ. ಎಷ್ಟು ಚೆನ್ನಾಗಿ ನಡೀತಾಳೆ ನೋಡ್ರೇ ಅಂತ ಒಬ್ಬರು ಕೈ ಮುಗಿದರು, ಬರೋ ಭಾನುವಾರ ನಮ್ಮನ್ನೂ ಕರ್ಕೊಂಡು ಹೋಗು ಅಂತ ಇನ್ನೊಬ್ಬರು. ಹೂಂ ಅಂದು ಹೇಗೋ ಹೊಸ್ತಿಲು ದಾಟಿ ಗೋಡೆ ಹಿಡಿದುಕೊಂಡೆ.

ಅತ್ತೆ ಬಿಸಿ ಹರಳೆಣ್ಣೆ ಬಟ್ಟಲು ಹಿಡಿದು ನಿಂತಿದ್ದರು.

“ತಡಿ, ಬಾಗ್ಲು ಹಾಕ್ತೀನಿ. ಆಮೇಲೆ ಕುಂಟು.”